ಹಸುವಿನ ವಿಷಯ ಡಾಕ್ಟರಿಗೆ ಹೇಳಿದಿರಾ?

ಪ್ರಶ್ನೆ: ತಿಪಟೂರು ಕಡೆಯ ಹಳ್ಳಿ ನಮ್ಮದು. ಒಂದೂವರೆ ಎಕರೆ ತೆಂಗಿದೆ, ಆದರೆ ಮನೆ ನಡೆಯುವುದು ಡೈರಿ ಬಟವಾಡೆಯಿಂದ. ಮೂರು ಸೀಮೆ ಹಸು, ಆರು ತಿಂಗಳ ಒಂದು ಹೆಣ್ಣುಕರು ಇವೆ. ಮೂರರಲ್ಲಿ ಒಂದು ಹಸುವನ್ನು ಹೋದ ವರ್ಷ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಸಂತೆಯಿಂದ ಹೊಡೆದುಕೊಂಡು ಬಂದೆವು. ಅದು ಏಳು ತಿಂಗಳ ಗಬ್ಬದಲ್ಲಿ ಕಂದು ಹಾಕಿತು. ಸತ್ತೆ ಬೀಳಲಿಲ್ಲ. ಪಶು ಆಸ್ಪತ್ರೆಯವರು ಬರುವುದು ತಡವಾಯಿತೆಂದು ನಮ್ಮ ಯಜಮಾನರೇ ಕೈ ಹಾಕಿ ಎಳೆದು ತೆಗೆದರು. ಸತ್ತ ಕರುವನ್ನು ತಿಪ್ಪೆಗೆ ಹಾಕಿದ್ದೆವು, ಬೆಳಗಾಗುವುದರೊಳಗೆ ನಾಯಿಗಳು ಎಳೆದಾಡಿಬಿಟ್ಟಿದ್ದವು.

ಅದಾಗಿ ಒಂದು ತಿಂಗಳಿಗೆ ಯಜಮಾನರಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತಾರೆ, ಸಾಯಂಕಾಲ ಮೈ ಕಾಯುತ್ತದೆ, ರಾತ್ರಿ ಹೊದಿಕೆ ಒದ್ದೆಯಾಗುವಷ್ಟು ಬೆವರುತ್ತಾರೆ. ಸೊಂಟ, ಮಂಡಿ ಹಿಡಿದುಕೊಂಡು ಕೂರುತ್ತಾರೆ. ಟೌನಿನ ಕ್ಲಿನಿಕ್ಕಿನಲ್ಲಿ ಟೈಫಾಯ್ಡ್ ಎಂದು ಎರಡು ಸಲ ಔಷಧಿ ಕೊಟ್ಟರು. ಬಿಡುತ್ತದೆ, ಮತ್ತೆ ಬರುತ್ತದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುವ ಕಡೆ ಊತ, ನೋವು ಅನ್ನುತ್ತಿದ್ದಾರೆ. ಅದನ್ನು ಡಾಕ್ಟರ ಹತ್ತಿರ ಹೇಳಿಲ್ಲ.

ಹಸು ಕಂದು ಹಾಕಿದ್ದೂ ಮಗ ಮಲಗಿದ್ದೂ ಒಂದೇ ಕಣ್ಣು ತಾಗಿ ಎಂದು ಅತ್ತೆ ಹೇಳುತ್ತಾರೆ. ಹಸು ಈಗ ನೋಡಲು ಚೆನ್ನಾಗಿಯೇ ಇದೆ, ಮತ್ತೆ ಬೆದೆಗೂ ಬಂದಿದೆ. ಯಾರಿಗೂ ಗೊತ್ತಾಗುವ ಮೊದಲು ಸಂತೆಗೆ ಹೊಡೆದು ಮಾರಿಬಿಡಿ, ಡೈರಿಯವರಿಗೆ ತಿಳಿದರೆ ಮನೆಯ ಹಾಲನ್ನೇ ನಿಲ್ಲಿಸುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಸಾಲದ ಕಂತು ಇನ್ನೂ ಬಾಕಿ ಇದೆ. ಬರುವ ತಿಂಗಳು ನಾದಿನಿ ಚೊಚ್ಚಲ ಹೆರಿಗೆಗೆ ಬರುತ್ತಾಳೆ. ಅವಳಿಗೆ ದಿನಾ ನೊರೆಹಾಲು ಕೊಡಬೇಕೆಂದು ಅತ್ತೆ ಈಗಲೇ ಹೇಳಿಟ್ಟಿದ್ದಾರೆ. ನನಗೆ ದಿಕ್ಕು ತೋಚುತ್ತಿಲ್ಲ. ಮೊದಲು ಯಾವ ಡಾಕ್ಟರ ಹತ್ತಿರ ಹೋಗಲಿ, ದನದ ಡಾಕ್ಟರೋ ಮನುಷ್ಯರ ಡಾಕ್ಟರೋ? ಹೆಸರು ಹಾಕಬೇಡಿ.

ಉತ್ತರ: ಇಬ್ಬರ ಹತ್ತಿರವೂ ಹೋಗಬೇಕು. ಆದರೆ ಮೊದಲು ಯಜಮಾನರನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೋ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಹೋಗಿ, ಫಿಜಿಷಿಯನ್‌ ಅವರನ್ನು ಕಾಣಿ. ಇದು ಈ ವಾರವೇ ಆಗಲಿ. ಅವರ ಮುಂದೆ ಕೂತ ತಕ್ಷಣ, ಜ್ವರದ ಲೆಕ್ಕ ಒಪ್ಪಿಸುವುದಕ್ಕೂ ಮುಂಚೆ, ಈ ಮಾತು ಹೇಳಿ: "ನಮ್ಮ ಮನೆಯ ಹಸು ಕಂದು ಹಾಕಿತ್ತು, ಇವರು ಬರಿಗೈಯಲ್ಲಿ ಸತ್ತೆ ತೆಗೆದಿದ್ದರು, ಬ್ರುಸೆಲ್ಲಾ ಟೆಸ್ಟ್ ಮಾಡಿಸಬೇಕಾ ನೋಡಿ." ನೀವು ನನಗೆ ಎರಡು ಪುಟ ಬರೆದಿದ್ದೀರಿ. ಹಸುವಿನದೂ ಗಂಡನದೂ ಎಲ್ಲ ವಿವರವೂ ಅದರಲ್ಲಿದೆ. ಕ್ಲಿನಿಕ್ಕಿನಲ್ಲಿ ಮಾತ್ರ ಹಸುವಿನ ಸುದ್ದಿ ಎತ್ತಿದ ಹಾಗೆ ಕಾಣುವುದಿಲ್ಲ. ತಪ್ಪು ನಿಮ್ಮದಲ್ಲ. ಆ ಡಾಕ್ಟರು ಕೇಳಬೇಕಿತ್ತು. ದನ ಕಟ್ಟಿರುವ ಮನೆಯಿಂದ ಬಿಟ್ಟು ಬಿಟ್ಟು ಬರುವ ಜ್ವರದ ರೋಗಿ ಬಂದರೆ ಕೊಟ್ಟಿಗೆಯ ಸಮಾಚಾರ ಕೇಳುವುದು ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ರೂಢಿಯಾಗಿಲ್ಲ ಎನ್ನುವುದು ನನ್ನ ಹಳೆಯ ತಕರಾರು.

ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಧ ನಿಜ ಇದೆ. ಹಸುವಿಗೂ ಮಗನಿಗೂ ಆದದ್ದು ಒಂದೇ ಇರಬಹುದು. ಕಣ್ಣು ತಾಗಿ ಅಲ್ಲ, ಅಷ್ಟೇ. ಕಂದು ರೋಗ ಎಂದು ನಾವು ಕರೆಯುವ ಬ್ರುಸೆಲ್ಲೋಸಿಸ್ ದನಕ್ಕೆ ಬಂದರೆ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರು ಜಾರುತ್ತದೆ, ಸತ್ತೆ ಒಳಗೇ ಕಚ್ಚಿಕೊಳ್ಳುತ್ತದೆ. ಆ ಸತ್ತೆಯಲ್ಲಿ, ಕೆಳಗೆ ಸುರಿಯುವ ನೀರಿನಲ್ಲಿ, ಸತ್ತ ಕರುವಿನ ಮೈಯಲ್ಲಿ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಕೈಯಲ್ಲಿ ಒಂದು ತರಚು ಗಾಯ ಇದ್ದರೆ ಸಾಕು. ಕಣ್ಣಿಗೆ ಸಿಡಿದರೂ ಸಾಕು, ಉಸಿರಲ್ಲಿ ಹೋದರೂ ಸಾಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಮನುಷ್ಯನಿಗೆ ಜ್ವರ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಏರಿಳಿಯುವ ಜ್ವರ, ರಾತ್ರಿಯ ಬೆವರು, ಸೊಂಟನೋವು, ಕೀಲುನೋವು, ಎದ್ದು ಓಡಾಡಲೂ ಬೇಡವೆನಿಸುವ ಸುಸ್ತು. ಗಂಡಸರಲ್ಲಿ ಕೆಲವರಿಗೆ ವೃಷಣ ಊದುತ್ತದೆ. ನೀವು ನಾಚಿಕೆಯಿಂದ ಅರ್ಧಕ್ಕೆ ಬಿಟ್ಟ ಆ ಸಂಗತಿ ರೋಗ ಹಿಡಿಯುವುದಕ್ಕೆ ದೊಡ್ಡ ಸುಳಿವು. ಅದನ್ನು ಯಜಮಾನರೇ ಬಾಯಿಬಿಟ್ಟು ಡಾಕ್ಟರಿಗೆ ಹೇಳಬೇಕು. ಅವರಿಗೆ ಸಂಕೋಚವಾದರೆ ನೀವು ಹೇಳಿ.

ಕಾಗದ ಓದಿ ನಾನು ರೋಗ ಹೇಳಲಾರೆ, ಹೇಳಲೂಬಾರದು. ಟೈಫಾಯ್ಡ್, ಮಲೇರಿಯಾ, ಕ್ಷಯ, ಇವೆಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಹೇಳಬೇಕಾದ್ದು ರಕ್ತಪರೀಕ್ಷೆಯೇ. ರಕ್ತವನ್ನು ಕಲ್ಚರ್‌ಗೆ ಕಳಿಸುವುದಾದರೆ ಬ್ರುಸೆಲ್ಲಾ ಅನುಮಾನ ಇದೆಯೆಂದು ಲ್ಯಾಬಿನವರಿಗೂ ತಿಳಿದಿರಬೇಕು. ಈ ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಹೆಚ್ಚು ದಿನ ಕಾಯಬೇಕಾಗುತ್ತದೆ. ಅಜಾಗರೂಕರಾದರೆ ಲ್ಯಾಬಿನವರಿಗೇ ಅಂಟುತ್ತದೆ.

ರೋಗ ಇದೇ ಎಂದಾದರೆ ಗುಣವಾಗುತ್ತದೆ, ಹೆದರಬೇಡಿ. ಸಾಮಾನ್ಯವಾಗಿ ಎರಡು ಬಗೆಯ ಔಷಧಿಯನ್ನು ಜೊತೆಗೆ ಕೊಡುತ್ತಾರೆ, ಮಾತ್ರೆಗಳು ಆರು ವಾರ ನಡೆಯುತ್ತವೆ. ಜನ ಎಡವುವುದು ಇಲ್ಲೇ. ಮೊದಲ ವಾರ ಹತ್ತು ದಿನದಲ್ಲಿ ಜ್ವರ ಬಿಟ್ಟಿರುತ್ತದೆ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸುತ್ತಾರೆ. ಮೂಳೆ ಸಂದಿಯಲ್ಲಿ ಅಡಗಿದ್ದ ರೋಗ ಕೆಲವು ತಿಂಗಳಲ್ಲಿ ಮತ್ತೆ ಎದ್ದು ಕೂರುತ್ತದೆ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕೊಡುವ ಔಷಧಿಗಳಲ್ಲಿ ರಿಫಾಂಪಿಸಿನ್ ಇದ್ದರೆ ಮೂತ್ರ ಕೆಂಪಗಾಗುತ್ತದೆ. ಅದು ಮಾತ್ರೆಯ ಬಣ್ಣ, ರಕ್ತವಲ್ಲ. ಕ್ಷಯಕ್ಕೂ ಅದೇ ಮಾತ್ರೆ ಕೊಡುವುದರಿಂದ "ಟಿಬಿ ಮಾತ್ರೆ ಕೊಟ್ಟಿದ್ದಾರೆ" ಎಂದು ಊರಲ್ಲಿ ಯಾರಾದರೂ ಪಿಸುಗುಟ್ಟಬಹುದು. ಕಿವಿಗೊಡಬೇಡಿ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ಯಜಮಾನರ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ನೀವು, ಅತ್ತೆ, ಕೊಟ್ಟಿಗೆಯಲ್ಲಿ ಕೈಯಾಡಿಸಿದ ಯಾರಿಗೇ ಜ್ವರ, ಕೀಲುನೋವು ಇದ್ದರೂ ಅವರ ರಕ್ತವನ್ನೂ ಅದೇ ದಿನ ಕೊಟ್ಟುಬನ್ನಿ.

ದನದ ಡಾಕ್ಟರೋ ಮನುಷ್ಯರ ಡಾಕ್ಟರೋ ಎಂದು ನೀವು ಕೇಳಿದ್ದೀರಲ್ಲ, ಇದೇ ರೋಗದ ವಿಷಯದಲ್ಲಿ ದೊಡ್ಡ ದೊಡ್ಡವರೂ ಆ ಗೊಂದಲದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿದ್ದರು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷರ ಸೈನ್ಯ, ನೌಕಾಪಡೆ ಬೀಡುಬಿಟ್ಟಿದ್ದ ಕಾಲ. ಸೈನಿಕರು ತಿಂಗಳುಗಟ್ಟಲೆ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯ ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದ. ರೋಗಕ್ಕೆ ಇವತ್ತು ಇರುವ ಹೆಸರು ಅವನದೇ. ರೋಗಾಣುವೇನೋ ಸಿಕ್ಕಿತು, ಅದು ಸೈನಿಕರ ಹೊಟ್ಟೆಗೆ ಎಲ್ಲಿಂದ ಬರುತ್ತಿದೆ ಎನ್ನುವುದು ಮಾತ್ರ ಮುಂದಿನ ಹದಿನೆಂಟು ವರ್ಷ ತಿಳಿಯಲಿಲ್ಲ. ಗಾಳಿ, ನೀರು, ಚರಂಡಿ, ಧೂಳು ಎಲ್ಲದರ ಮೇಲೂ ಅನುಮಾನ ಬಂತು. ಆಡಿನ ಮೇಲೆ ಮಾತ್ರ ಬರಲಿಲ್ಲ. ಮಾಲ್ಟಾದಲ್ಲಿ ಆಡುಗಳನ್ನು ಬೀದಿಯಲ್ಲಿ ಹೊಡೆದುಕೊಂಡು ಬಂದು ಮನೆಬಾಗಿಲಲ್ಲೇ ಹಾಲು ಕರೆದುಕೊಡುತ್ತಿದ್ದರು. ಕಣ್ಣೆದುರೇ ಕರೆದ ಹಾಲು, ಕಲಬೆರಕೆ ಇಲ್ಲ, ಮೇಲಾಗಿ ಆಡುಗಳು ದಷ್ಟಪುಷ್ಟವಾಗಿದ್ದವು. 1905ರಲ್ಲಿ ಅಲ್ಲಿನವನೇ ಆದ ಥೆಮಿಸ್ಟೊಕ್ಲಿಸ್ ಜಾಮಿತ್ ಎಂಬ ವೈದ್ಯ ಆಡುಗಳ ರಕ್ತ ಪರೀಕ್ಷಿಸಿದ. ಮೈ ತುಂಬಿಕೊಂಡಿದ್ದ ಆ ಆಡುಗಳಲ್ಲೇ ರೋಗಾಣು ಇತ್ತು. ಮರುವರ್ಷ ಸೈನ್ಯಕ್ಕೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದರು, ಬ್ಯಾರಕ್ಕುಗಳಲ್ಲಿ ಜ್ವರ ದಡದಡನೆ ಇಳಿಯಿತು. ಹೊಸ ಔಷಧಿ ಯಾವುದೂ ಬಂದಿರಲಿಲ್ಲ.

ಈ ನಡುವೆ 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದಿದ್ದ. ಅದು ದನದ ಪುಸ್ತಕದಲ್ಲಿ ಉಳಿಯಿತು, ಮಾಲ್ಟಾ ಜ್ವರ ಮನುಷ್ಯರ ಪುಸ್ತಕದಲ್ಲಿ. ಇವೆರಡೂ ಹತ್ತಿರದ ನೆಂಟರು, ಹಸುವಿನ ಹಸಿಹಾಲೂ ಅಪಾಯವೇ ಎಂದು 1918ರಲ್ಲಿ ತೋರಿಸಿದವಳು ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಆಲಿಸ್ ಇವಾನ್ಸ್. ಡಾಕ್ಟರೇಟ್ ಇಲ್ಲದ ಹೆಂಗಸು ಹೇಳಿದ್ದನ್ನು ಯಾರು ನಂಬುತ್ತಾರೆ? ಹಾಲಿನ ವ್ಯಾಪಾರದವರೂ ಒಪ್ಪಲಿಲ್ಲ, ದೊಡ್ಡ ವಿಜ್ಞಾನಿಗಳೂ ಒಪ್ಪಲಿಲ್ಲ. 1922ರಲ್ಲಿ ಆಕೆಗೇ ಈ ರೋಗ ಅಂಟಿತು, ಎಷ್ಟೋ ವರ್ಷ ಕಾಡಿತು. ಆಮೇಲೆ ಲೋಕ ಒಪ್ಪಿತು ಅನ್ನಿ. ನಿಮ್ಮ ಮನೆಯಲ್ಲೂ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದವರು ನೀವೊಬ್ಬರೇ, ಅತ್ತೆಯನ್ನು ಬಿಟ್ಟರೆ.

ಇನ್ನು ಹಸುವಿನ ವಿಷಯಕ್ಕೆ ಬರೋಣ. ಹಸು ಕಂದು ಹಾಕಿದ್ದಕ್ಕೆಲ್ಲ ಕಂದು ರೋಗವೇ ಕಾರಣ ಅಲ್ಲ. ಇಲಿಜ್ವರದಿಂದ, ಬೇರೆ ಸೋಂಕಿನಿಂದ, ಹೊಡೆತ ಬಿದ್ದು, ಬೂಸಲು ಮೇವು ತಿಂದು ಕೂಡ ಕರು ಜಾರುವುದುಂಟು. ಆದರೆ ಕೊನೆಯ ತಿಂಗಳುಗಳು, ಕಚ್ಚಿಕೊಂಡ ಸತ್ತೆ, ಸಂತೆಯಿಂದ ಬಂದ ಹಸು, ಜೊತೆಗೆ ಮನೆಯಲ್ಲಿ ಜ್ವರ. ಇಷ್ಟೂ ಕೂಡಿಬಂದಾಗ ಪರೀಕ್ಷೆ ಮಾಡಿಸದೆ ಸುಮ್ಮನಿರುವಂತಿಲ್ಲ. 1962ಕ್ಕೆ ಫೋನ್ ಮಾಡಿ, ಅದು ಪಶು ಚಿಕಿತ್ಸೆಯ ಸಹಾಯವಾಣಿ. ಇಲ್ಲದಿದ್ದರೆ ನಿಮ್ಮ ಹೋಬಳಿಯ ಪಶು ಆಸ್ಪತ್ರೆಗೆ ನೇರ ಹೋಗಿ, ಪಂಚಾಯಿತಿಯಲ್ಲಿ ಪಶುಸಖಿ ಇದ್ದರೆ ಅವರನ್ನು ಹಿಡಿಯಿರಿ. ಮೂರೂ ಹಸುಗಳ ರಕ್ತ ತೆಗೆಸಿ. ಗುಲಾಬಿ ಬಣ್ಣದ ದ್ರಾವಣದ ಜೊತೆ ರಕ್ತದ ಸೀರಮ್ ಬೆರೆಸಿ ಕೆಲವೇ ನಿಮಿಷದಲ್ಲಿ ನೋಡುವ ಪರೀಕ್ಷೆಯೊಂದಿದೆ. ಹಾಲಿನಲ್ಲೂ ನೋಡಬಹುದು. ನೀಲಿ ಬಣ್ಣ ಕಟ್ಟಿದ ದ್ರಾವಣವನ್ನು ಹಾಲಿಗೆ ಹಾಕಿಟ್ಟರೆ, ರೋಗ ಇದ್ದಾಗ ಮೇಲೆ ಕೆನೆಯಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಗಟ್ಟಿ ಮಾಡಿಕೊಳ್ಳಲು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಸ್ಯಾಂಪಲ್ ಕಳಿಸುವ ವ್ಯವಸ್ಥೆ ಡಾಕ್ಟರಿಗೆ ಗೊತ್ತಿರುತ್ತದೆ. ಕಂದು ಹಾಕಿದ ಹೊಸದರಲ್ಲಿ ರಕ್ತ ನೋಡಿದರೆ ಒಮ್ಮೊಮ್ಮೆ ಏನೂ ತೋರಿಸುವುದಿಲ್ಲ. ಉಳಿದ ಎರಡು ಹಸುಗಳಿಗೂ ಸೋಂಕು ಈಗಷ್ಟೇ ತಗುಲಿರಬಹುದು. ಆದ್ದರಿಂದ ಕೆಲವು ವಾರ ಬಿಟ್ಟು ಇನ್ನೊಂದು ಸಲ ತೆಗೆಸಿ.

ಹಸು ಚೆನ್ನಾಗಿಯೇ ಕಾಣುತ್ತಿದೆ ಎಂದು ಬರೆದಿದ್ದೀರಿ. ಕಾಣುತ್ತದೆ. ಈ ರೋಗದ ಮೋಸವೇ ಅದು. ಬಹುಪಾಲು ಹಸುಗಳು ಕಂದು ಹಾಕುವುದು ಒಂದೇ ಸಲ. ಮುಂದಿನ ಸಲ ತುಂಬುದಿನಕ್ಕೇ ಕರು ಹಾಕುತ್ತವೆ, ಹಾಲೂ ಕೊಡುತ್ತವೆ. ಮನೆಯವರು ದೋಷ ಕಳೆಯಿತು ಎಂದುಕೊಳ್ಳುತ್ತಾರೆ. ಆದರೆ ರೋಗಾಣು ಕೆಚ್ಚಲಲ್ಲಿ ಮನೆ ಮಾಡಿಕೊಂಡಿರುತ್ತದೆ, ಹಾಲಿನಲ್ಲಿ ಆಗಾಗ ಇಳಿಯುತ್ತದೆ, ಪ್ರತಿ ಈತದಲ್ಲೂ ಕೊಟ್ಟಿಗೆಯ ನೆಲಕ್ಕೆ ಸುರಿಯುತ್ತದೆ. ಮನುಷ್ಯರಿಗೆ ಇರುವಂತೆ ದನಕ್ಕೆ ಭರವಸೆಯ ಔಷಧಿ ಇಲ್ಲ. ಐದಾರು ಇಂಜೆಕ್ಷನ್ ಹಾಕಿ ಗುಣಮಾಡಿಕೊಡುತ್ತೇನೆ ಎನ್ನುವವರನ್ನು ಕೊಟ್ಟಿಗೆಯ ಒಳಗೆ ಬಿಟ್ಟುಕೊಳ್ಳಬೇಡಿ.

ಹಾಗಾದರೆ ಸಂತೆ? ಬೇಡ. ನೋಡಿಯಮ್ಮ, ನೀವು ಈ ಹಸುವನ್ನು ತಂದದ್ದು ಸಂತೆಯಿಂದ. ನಿಮಗೆ ಮಾರಿದವರ ಪಕ್ಕದ ಮನೆಯಲ್ಲೂ ಹೀಗೇ ಬುದ್ಧಿ ಹೇಳಿದವರೊಬ್ಬರು ಇದ್ದಿರಬಹುದು. ನೀವು ಮಾರಿದರೆ ಕೊಳ್ಳುವವಳೂ ಸಂಘದ ಸಾಲದ ದುಡ್ಡು ಹಿಡಿದು ಬಂದವಳೇ. ಅವಳ ಮನೆಯಲ್ಲಿ ಸತ್ತೆಗೆ ಕೈ ಹಾಕುವವನು ಅವಳ ಗಂಡನೋ ಮಗನೋ. ಧರ್ಮದ ಮಾತು ಬಿಡಿ, ಕಾನೂನೂ ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗಟ್ಟುವ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಕಂದು ರೋಗವೂ ಸೇರಿದೆ. ಅನುಮಾನ ಬಂದರೆ ತಿಳಿಸುವುದು, ಆ ಪ್ರಾಣಿಯನ್ನು ಬೇರೆ ಕಟ್ಟುವುದು ಮಾಲೀಕರ ಹೊಣೆ.

ಇಲ್ಲಿ ನಾನು ಸರ್ಕಾರದ ಕಡೆಗೂ ತಿರುಗಿ ಒಂದು ಮಾತು ಹೇಳಬೇಕು. ಆಸ್ಟ್ರೇಲಿಯಾ ಊರೂರಿನ ದನಗಳ ಪರೀಕ್ಷೆ ಮಾಡಿ, ರೋಗ ಕಂಡ ದನವನ್ನು ಕಡಿಸಿ, ಸಾಕಿದವರಿಗೆ ಪರಿಹಾರ ಕೊಟ್ಟು 1989ರಲ್ಲಿ ದನಗಳ ಕಂದು ರೋಗದಿಂದ ಮುಕ್ತವಾಯಿತು. ನಮ್ಮಲ್ಲಿ ಆ ದಾರಿ ಸುಲಭವಲ್ಲ. ಪಶುವೈದ್ಯಾಧಿಕಾರಿಯ ಪ್ರಮಾಣಪತ್ರವಿಲ್ಲದೆ ಹಸುವನ್ನು ಕಡಿಯುವಂತಿಲ್ಲ ಎಂದು ನಮ್ಮ ರಾಜ್ಯದ 2020ರ ಕಾಯ್ದೆ ಹೇಳುತ್ತದೆ, ಮಾರಬೇಡ ಎಂದು ವಿವೇಕ ಹೇಳುತ್ತದೆ, ಕಟ್ಟಿಕೊಂಡು ಮೇವು ಹಾಕುವ ಖರ್ಚು ಸಾಲದಲ್ಲಿರುವ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಇದು ನ್ಯಾಯವಲ್ಲ. ಕೊಲ್ಲಬಾರದು ಎಂದು ಸಮಾಜ ತೀರ್ಮಾನಿಸಿದ ಮೇಲೆ ರೋಗದ ಹಸುವನ್ನು ಸಾಕುವ ಭಾರವನ್ನೂ ಸಮಾಜವೇ ಹೊರಬೇಕು. ಹಾಗೆ ಆಗದಿದ್ದರೆ ಜನ ಕತ್ತಲಲ್ಲಿ ಸಂತೆಗೆ ಹೊಡೆಯುತ್ತಲೇ ಇರುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ನಿಮ್ಮ ಸಂಘದ ಸಭೆಯಲ್ಲಿ ಕಂತಿಗೆ ಕಾಲಾವಕಾಶ ಕೇಳಿ. ಹಸು ಕಂದು ಹಾಕಿದ್ದು ಮುಚ್ಚಿಡುವಂಥದ್ದೇನೂ ಅಲ್ಲ.

ಪರೀಕ್ಷೆಯಲ್ಲಿ ರೋಗ ಇದೆಯೆಂದು ಬಂದರೆ ಆ ಹಸುವನ್ನು ಬೇರೆ ಕಡೆ ಕಟ್ಟಿ. ಹಾಲನ್ನು ಕೊನೆಗೆ ಕರೆಯಿರಿ, ಅದಾದ ಮೇಲೆ ಕೈಕಾಲು ಸೋಪು ಹಾಕಿ ತೊಳೆದು ಬಟ್ಟೆ ಬದಲಿಸಿ. ಹೋರಿಗೆ ಬಿಡಬೇಡಿ. ಮತ್ತೆ ಗಬ್ಬ ಕಟ್ಟಿಸುವುದೋ ಬೇಡವೋ ಎನ್ನುವುದನ್ನು ನಿಮ್ಮ ಪಶುವೈದ್ಯರ ಜೊತೆ ಕೂತು ತೀರ್ಮಾನಿಸಿ. ಕರು ಹಾಕಿಸುವುದಾದರೆ ಬೇರೆ ಜಾಗದಲ್ಲಿ ಆಗಬೇಕು. ಸತ್ತೆ ಬಿದ್ದಾಗ, ಕರು ಸತ್ತಾಗ ತಿಪ್ಪೆಗೆ ಎಸೆಯುವುದನ್ನು ಇವತ್ತಿಗೇ ನಿಲ್ಲಿಸಿ. ನಾಲ್ಕು ಅಡಿ ಗುಂಡಿ ತೋಡಿ, ಸುಣ್ಣ ಸುರಿದು, ನಾಯಿ ಕೆದರದ ಹಾಗೆ ಮುಚ್ಚಿ. ಆ ನೆಲಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿ. ಬಿಸಿಲು ಬೀಳುವ ಕಡೆ ಈ ರೋಗಾಣು ಬೇಗ ಸಾಯುತ್ತದೆ, ತಂಪು ಒದ್ದೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕೊಟ್ಟಿಗೆಯ ಮೇಲಿನ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದರೂ ಉಪಕಾರವೇ. ಇನ್ನು ಮುಂದೆ ಯಾರೂ ಬರಿಗೈಯಲ್ಲಿ ಸತ್ತೆ ಎಳೆಯಬಾರದು. ಸೆಮೆನ್ ಕೊಡುವವರು ಹಾಕಿಕೊಳ್ಳುತ್ತಾರಲ್ಲ, ತೋಳುದ್ದದ ಪ್ಲಾಸ್ಟಿಕ್ ಗ್ಲೌಸು, ಒಂದೆರಡು ಮನೆಯಲ್ಲಿಟ್ಟಿರಿ. ಇಟ್ಟುಕೊಂಡರೂ ಸತ್ತೆ ತೆಗೆಯುವ ಕೆಲಸ ಪಶುವೈದ್ಯರದೇ. ಎಳೆದು ಹರಿದರೆ ಗರ್ಭಕೋಶವೇ ಕೊಳೆತು ಹಸು ಕೈಬಿಟ್ಟುಹೋಗುತ್ತದೆ.

ಡೈರಿಯ ಭಯ ದೊಡ್ಡದೆಂದು ಬಲ್ಲೆ. ನಿಮ್ಮ ಊರಿನ ಡೈರಿಯಿಂದ ಹೋದ ಹಾಲನ್ನು ಒಕ್ಕೂಟದಲ್ಲಿ 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಇಟ್ಟು ತಣಿಸುತ್ತಾರೆ. ಈ ರೋಗಾಣು ಅಷ್ಟಕ್ಕೆ ಸಾಯುತ್ತದೆ. ಆದ್ದರಿಂದ ಪ್ಯಾಕೆಟ್ಟಿನ ಹಾಲು ಕುಡಿಯುವ ಪಟ್ಟಣದವರಿಗೆ ನೀವು ದ್ರೋಹ ಮಾಡಿದಿರೆಂದು ಕೊರಗಬೇಡಿ. ಹಾಗೆಂದು ಸುಮ್ಮನೆ ಹಾಕುತ್ತಿರಿ ಎಂದೂ ಹೇಳಲಾರೆ. ಪರೀಕ್ಷೆ ಬರುವವರೆಗೆ ಕಂದು ಹಾಕಿದ ಹಸುವಿನ ಹಾಲನ್ನು ಬೇರೆ ಇಡಿ. ಗರ್ಭಕೋಶದ ಸೋಂಕಿಗೆ ಆಂಟಿಬಯಾಟಿಕ್ ಹಾಕಿಸಿದ್ದರೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಯಾರಿಗೂ ಕೊಡುವಂತಿಲ್ಲ. ಡೈರಿ ಸೆಕ್ರೆಟರಿಗೆ ನೀವೇ ಮೊದಲು ಹೇಳಿಬಿಡಿ, ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವುದಕ್ಕಿಂತ ಅದು ಸಾವಿರಪಾಲು ಮೇಲು. ಹಾಲು ಒಕ್ಕೂಟದಲ್ಲೂ ಪಶುವೈದ್ಯರಿದ್ದಾರೆ. ಒಂದು ಊರಿನಲ್ಲಿ ಕಂದು ರೋಗ ಬಿದ್ದಿದೆಯೆಂದು ಬೇಗ ತಿಳಿದರೆ ಉಳಿಯುವುದು ಅವರ ಹಾಲೇ. ಉಳಿದ ಎರಡು ಹಸುಗಳ ಪರೀಕ್ಷೆ ಸರಿಯಾಗಿ ಬಂದರೆ ಅವುಗಳ ಹಾಲನ್ನು ಬೇಡ ಎನ್ನಲು ಯಾರಿಗೂ ಕಾರಣವಿಲ್ಲ. ನೀವು ಮನೆಮನೆಗೆ ವರ್ತನೆ ಹಾಲು ಹಾಕುತ್ತಿದ್ದರೆ ಆ ಮನೆಯವರಿಗೆ ಮಾತ್ರ ಇವತ್ತೇ ಹೇಳಬೇಕು. ಅವರ ಮನೆಗೆ ಹೋಗುವುದು ಹಸಿಹಾಲು.

ನಾದಿನಿಯ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ. ಬಸುರಿಗೆ ಈ ಸೋಂಕು ತಗುಲಿದರೆ ಗರ್ಭಕ್ಕೇ ಅಪಾಯ. ಮೂರೂ ಹಸುಗಳ ಪರೀಕ್ಷೆ ಮುಗಿದು ಕೊಟ್ಟಿಗೆ ಶುಚಿಯಾಗುವವರೆಗೆ ಆಕೆ ಅತ್ತ ಕಾಲಿಡಬಾರದು. ಸಾಧ್ಯವಾದರೆ ಬರುವುದನ್ನು ಸ್ವಲ್ಪ ಮುಂದೆ ಹಾಕಿ, ಇಲ್ಲವಾದರೆ ಬೇರೆ ನೆಂಟರ ಮನೆಯಲ್ಲಿ ಇರಿಸಿ. ನೊರೆಹಾಲಂತೂ ಬೇಡವೇ ಬೇಡ. ಅತ್ತೆಗೆ ಹೇಳುವುದು ಹೇಗೆ ಎನ್ನುವುದು ನಿಮ್ಮ ಕಷ್ಟ, ನನಗೆ ಅರ್ಥವಾಗುತ್ತದೆ. ನೊರೆಹಾಲು ಕುಡಿದು ಬೆಳೆದ ತಲೆಮಾರು ಅವರದು, ಅವರು ಪ್ರೀತಿಯಿಂದ ಹೇಳುತ್ತಿರುವುದು. ಹಾಲು ಕೆಟ್ಟದ್ದು ಎನ್ನಬೇಡಿ. ಒಂದು ಉಕ್ಕು ಬರಿಸಿ ಕೊಡೋಣ ಅತ್ತೆ, ಮಗುವಿಗೆ ಒಳ್ಳೆಯದಂತೆ ಎನ್ನಿ. ಉಕ್ಕಿದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ. ಕಾದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಅದರ ಮಜ್ಜಿಗೆ, ಬೆಣ್ಣೆ, ತುಪ್ಪ, ಯಾವುದಕ್ಕೂ ತೊಂದರೆ ಇಲ್ಲ. ಗಿಣ್ಣುಹಾಲನ್ನೂ ಹಬೆಯಲ್ಲಿ ಚೆನ್ನಾಗಿ ಬೇಯಿಸಿಯೇ ತಿನ್ನುವುದು ನಮ್ಮ ರೂಢಿ. ನಮ್ಮ ಅಡುಗೆಮನೆಯ ಹೆಂಗಸರು ಶತಮಾನಗಳಿಂದ ಹಾಲು ಕಾಯಿಸುತ್ತಾ ಬಂದಿರುವುದರಿಂದಲೇ ಈ ರೋಗ ಹಾಲಿನ ಮೂಲಕ ಇನ್ನಷ್ಟು ಮನೆಗಳನ್ನು ಹೊಕ್ಕಿಲ್ಲ ಎಂದು ನನ್ನ ಎಣಿಕೆ. ಕಾಯಿಸದೆ ಬಾಯಿಗೆ ಹೋಗುವುದು ಎರಡೇ ಕಡೆ, ಕೊಟ್ಟಿಗೆಯ ನೊರೆಹಾಲಿನಲ್ಲಿ ಮತ್ತು ದೇವರ ಪಂಚಾಮೃತದಲ್ಲಿ. ಪಂಚಾಮೃತದ ಹಾಲನ್ನು ಕಾಯಿಸಿ ಆರಿಸಿ ಬಳಸಿ ಎಂದರೆ ಕೆಲವು ಅರ್ಚಕರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಒಂದು ಹಳ್ಳಿಯ ಒಂದು ಹಸುವಿಗೆ ಇಷ್ಟೆಲ್ಲ ರಂಪವೇ ಎಂದು ಪಕ್ಕದ ಮನೆಯವರು ಕೇಳಬಹುದು. ಅವರ ಮನೆಯ ಹಿರಿಯರನ್ನು ದನಗಳಿಗೆ ಬರುತ್ತಿದ್ದ ದೊಡ್ಡ ರೋಗದ ಬಗ್ಗೆ ವಿಚಾರಿಸಲು ಹೇಳಿ. ದೊಡ್ಡ ರೋಗ ಊರಿಗೆ ಕಾಲಿಟ್ಟರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಉಳಲು ಎತ್ತಿಲ್ಲದೆ ಹೊಲ ಬೀಳುಬೀಳುತ್ತಿತ್ತು, ದನದ ಸಾವಿನ ಹಿಂದೆಯೇ ಮನುಷ್ಯರ ಹಸಿವು ಬರುತ್ತಿತ್ತು. ಆ ರೋಗ ಈಗ ಭೂಮಿಯ ಮೇಲೇ ಇಲ್ಲ. ಭಾರತದಲ್ಲಿ ಕೊನೆಯದಾಗಿ ಕಂಡದ್ದು 1995ರಲ್ಲಿ, ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿದ್ದು 2011ರಲ್ಲಿ. ಮನುಷ್ಯರ ಸಿಡುಬಿನ ನಂತರ ಹೀಗೆ ಬುಡಸಮೇತ ಹೋದ ರೋಗ ಇದೊಂದೇ. ಲಸಿಕೆಯಿಂದ ಹೋಯಿತು, ನಿಜ. ಆದರೆ ನಮ್ಮೂರಲ್ಲಿ ದನ ಬಿದ್ದಿದೆ ಎಂದು ಜನ ಬಂದು ಹೇಳದೆ ಇದ್ದಿದ್ದರೆ ಲಸಿಕೆ ಹಿಡಿದವನು ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಮಲೆನಾಡಿನ ಕಥೆಯೂ ಇದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ಹೊತ್ತಿನಲ್ಲೇ ಜನಕ್ಕೂ ಜ್ವರ ಬಂತು. ಇವತ್ತಿಗೂ ಅಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ ಇಲಾಖೆ ಎಚ್ಚರವಾಗುತ್ತದೆ.

ಕೊನೆಗೆ ನಿಮ್ಮ ಆ ಹೆಣ್ಣುಕರು. ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇಲಾಖೆಯವರು ಅದನ್ನು ಪುಕ್ಕಟೆ ಹಾಕುತ್ತಾರೆ. ಒಮ್ಮೆ ಹಾಕಿದರೆ ಸಾಕು. ಆದರೆ ಅದನ್ನು ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೇ ಹಾಕಿಸಬೇಕು. ಗಬ್ಬದ ಹಸುವಿಗೂ ಗಂಡುಕರುವಿಗೂ ಹಾಕುವಂತಿಲ್ಲ. ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ಸೂಜಿ ನಮ್ಮ ಕೈಗೆ ಚುಚ್ಚಿದರೆ ನಮಗೇ ರೋಗ ಬಂದೀತು, ಹಾಗಾಗಿ ಅದನ್ನು ತರಬೇತಾದವರೇ ಹಾಕಬೇಕು. ಹಸುಗಳ ರಕ್ತ ತೆಗೆಯಲು ಪಶುವೈದ್ಯರು ಬಂದ ದಿನವೇ ಕರುವನ್ನೂ ತೋರಿಸಿ, ಲಸಿಕೆಯ ದಿನ ಗೊತ್ತುಮಾಡಿಕೊಳ್ಳಿ. ನಿಮ್ಮ ಬೀದಿಯಲ್ಲಿ ಆ ವಯಸ್ಸಿನ ಹೆಣ್ಣುಕರುಗಳು ಇನ್ನೆಷ್ಟಿವೆ ನೋಡಿ, ಆ ಮನೆಯವರಿಗೂ ಹೇಳಿ. ನಿಮ್ಮ ಕರುವಿಗೆ ಈಗ ಆರು ತಿಂಗಳು. ಇನ್ನು ಎರಡೇ ತಿಂಗಳು ಉಳಿದಿದೆ.